ಹನ್ನೆರಡು ಲಕ್ಷದವರೆಗಿನ ಸೊನ್ನೆ ಬಂದ ದಾರಿ

2025ರ ಬಜೆಟ್ ಮುಗಿದ ಸಂಜೆಯಿಂದ ಎಲ್ಲರ ಬಾಯಲ್ಲೂ ಒಂದೇ ಮಾತು: ಹನ್ನೆರಡು ಲಕ್ಷದವರೆಗೆ ಟ್ಯಾಕ್ಸ್ ಇಲ್ಲ. ಆದರೆ ಸ್ಲ್ಯಾಬ್ ಪಟ್ಟಿ, ಅಂದರೆ ಆದಾಯದ ಹಂತಗಳಿಗೆ ತಕ್ಕ ತೆರಿಗೆ ದರದ ಪಟ್ಟಿ, ನೋಡಿದರೆ 4 ಲಕ್ಷ ದಾಟಿದ ಕೂಡಲೇ ಶೇ 5ರ ತೆರಿಗೆ ಶುರು. ಎರಡೂ ನಿಜವೇ.

1860ರಲ್ಲಿ ಬಂದ ಆದಾಯ ತೆರಿಗೆ 1973-74ರ ಹೊತ್ತಿಗೆ 11 ಸ್ಲ್ಯಾಬ್‌ಗಳಾಗಿ, ಸರ್‌ಚಾರ್ಜ್ (ಮೇಲ್ತೆರಿಗೆ) ಸೇರಿ ಶೇ 97.75ರವರೆಗೆ ಏರಿತ್ತು, 1997ರಲ್ಲಿ 10, 20, 30ರ ಮೂರೇ ಮೆಟ್ಟಿಲಿಗೆ ಇಳಿಯಿತು. ಗೋಜಲು ದೊಡ್ಡದಾದದ್ದು 2019ರಲ್ಲಿ. ವಿನಾಯಿತಿ ಮಿತಿಯನ್ನು ಎರಡೂವರೆ ಲಕ್ಷದಲ್ಲೇ ಬಿಟ್ಟು, 5 ಲಕ್ಷದೊಳಗಿನವರ ತೆರಿಗೆಯನ್ನು ರಿಬೇಟ್ ಹೆಸರಲ್ಲಿ ಮನ್ನಾ ಮಾಡಲಾಯಿತು. ಹೀಗಾಗಿ ತೆರಿಗೆ ಶುರುವಾಗುವ 'ಮಿತಿ' ಬೇರೆ, ಕಟ್ಟಬೇಕಾದದ್ದು 'ಸೊನ್ನೆ'ಯಾಗುವ ಗಡಿ ಬೇರೆ. 2020ರಲ್ಲಿ ಹೊಸ ಪದ್ಧತಿ ಬಂತು: ದರ ಕಡಿಮೆ, ಆದಾಯದಿಂದ ಕಳೆಯಬಹುದಾದ ಕಡಿತಗಳು ಬಹುಪಾಲು ಇಲ್ಲ. ಸರಳಗೊಳಿಸುತ್ತೇವೆ ಎಂದು ಹೊರಟಿದ್ದು ಎರಡೆರಡು ಲೆಕ್ಕ ಹಾಕುವಲ್ಲಿಗೆ ಬಂದು ನಿಂತಿತು. 2023ರಿಂದ, ನಾವು ಬಾಯಿ ಬಿಟ್ಟು ಹೇಳದಿದ್ದರೆ ಹೊಸದೇ ಅನ್ವಯ. ಈ ಹೊಸದರಲ್ಲೇ 2025ರ ಬಜೆಟ್ ರಿಬೇಟನ್ನು 12 ಲಕ್ಷದ ಆದಾಯದವರೆಗೆ ಏರಿಸಿತು.

2025-26ರ ಲೆಕ್ಕ ಹೀಗೆ. ವರ್ಷದ ಸಂಬಳ 15 ಲಕ್ಷ. ಸಂಬಳದಾರರಿಗೆಲ್ಲ ಸಿಗುವ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ ತೆರಿಗೆಗೆ ಒಳಪಡುವುದು 14,25,000. ಮೊದಲ 4 ಲಕ್ಷಕ್ಕೆ ಏನೂ ಇಲ್ಲ, ಮುಂದಿನ 4 ಲಕ್ಷಕ್ಕೆ ಶೇ 5ರಂತೆ 20,000, ಆಮೇಲಿನ 4 ಲಕ್ಷಕ್ಕೆ ಶೇ 10ರಂತೆ 40,000, ಉಳಿದ 2,25,000ಕ್ಕೆ ಶೇ 15ರಂತೆ 33,750. ಒಟ್ಟು 93,750, ತೆರಿಗೆಯ ಮೇಲೆ ಬೀಳುವ ಶೇ 4ರ ಸೆಸ್ ಸೇರಿ 97,500. 'ಶೇ 15ರ ಸ್ಲ್ಯಾಬಿಗೆ ಬಿದ್ದೆ' ಎಂದರೆ ಇಡೀ ಸಂಬಳಕ್ಕೆ ಶೇ 15 ಅಲ್ಲ.

ಹಳೆಯ ಪದ್ಧತಿಯಲ್ಲಿ ಇಷ್ಟೇ ತೆರಿಗೆ ಬರಬೇಕಾದರೆ 50,000ದ ಸ್ಟ್ಯಾಂಡರ್ಡ್ ಡಿಡಕ್ಷನ್ ಅಲ್ಲದೆ ಇನ್ನೂ 5,43,750 ರೂಪಾಯಿ ಕಡಿತ ತೋರಿಸಬೇಕು. ಪಿಎಫ್, ಜೀವವಿಮೆಯಂಥ ಉಳಿತಾಯಕ್ಕೆ 80ಸಿ ಅಡಿ ಒಂದೂವರೆ ಲಕ್ಷ, ಗೃಹಸಾಲದ ಬಡ್ಡಿ 2 ಲಕ್ಷ, ಆರೋಗ್ಯ ವಿಮೆಯ 25,000 ಕೂಡಿಸಿದರೂ ಸಾಲದು. ಬಾಡಿಗೆ ಮನೆಯವರಿಗೆ ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಇದೆಯಲ್ಲ ಎನ್ನಬಹುದು. 2025-26ರ ಲೆಕ್ಕದಲ್ಲಿ ಬೆಂಗಳೂರು ಮೆಟ್ರೊ ನಗರವಲ್ಲ, ಬೇಸಿಕ್‌ನ (ಮೂಲ ವೇತನ) ಶೇ 40ರ ಮಿತಿ ಅಡ್ಡ ಬರುತ್ತದೆ. ಸಂಬಳದಲ್ಲಿ ಮುರಿದುಕೊಳ್ಳುವ ವೃತ್ತಿ ತೆರಿಗೆಯನ್ನು ಕಳೆಯಲು ಬಿಡುವುದೂ ಹಳೆಯದರಲ್ಲಿ ಮಾತ್ರ.

ಎಡವುವುದು 12 ಲಕ್ಷದ ಗಡಿಯಲ್ಲಿ. 12,75,000 ಸಂಬಳವಿದ್ದವರು ತೆರಿಗೆಯಿಲ್ಲವೆಂದು ನಿಶ್ಚಿಂತೆಯಾಗಿರುತ್ತಾರೆ, ಎಫ್‌ಡಿ ಬಡ್ಡಿ 10,000 ಬಂದದ್ದು ಮರೆತಿರುತ್ತಾರೆ. ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದ ಮೇಲೂ ಆದಾಯ 12,10,000 ಆಯಿತು, ರಿಬೇಟ್ ಹೋಯಿತು, ಸ್ಲ್ಯಾಬ್ ಪ್ರಕಾರ ತೆರಿಗೆ 61,500. ಹತ್ತು ಸಾವಿರ ಹೆಚ್ಚು ಬಂದಿದ್ದಕ್ಕೆ ಅಷ್ಟು ಕಟ್ಟಿಸುವುದು ಅನ್ಯಾಯವೆಂದೇ ಮಾರ್ಜಿನಲ್ ರಿಲೀಫ್ ಇರುವುದು: ಗಡಿ ದಾಟಿದ 10,000 ಮತ್ತು ಅದರ ಸೆಸ್ 400 ಕಟ್ಟಿದರೆ ಸಾಕು. ಅಂದರೆ ಬಡ್ಡಿಯಷ್ಟೂ ಹೋಯಿತು. ಸುಮಾರು 12,70,588 ದಾಟಿದರೆ ಈ ರಿಯಾಯಿತಿಯೂ ಇಲ್ಲ. ಷೇರು ಮಾರಿದ ಲಾಭಕ್ಕೆ ಬೀಳುವ ಶೇ 12.5 ಅಥವಾ 20ರ ತೆರಿಗೆಗಂತೂ ರಿಬೇಟ್ ಮೊದಲೇ ತಾಕುವುದಿಲ್ಲ.

ಹಳೆಯದೇ ಲಾಭ ಎನಿಸಿದ ಸಂಬಳದಾರರು ರಿಟರ್ನ್ ಸಲ್ಲಿಸುವಾಗಲೂ ಅದನ್ನು ಆರಿಸಬಹುದು, ಗಡುವಿನೊಳಗೆ ಸಲ್ಲಿಸಿದರೆ ಮಾತ್ರ. ಒಂದು ದಿನ ತಡವಾದರೂ ಹೊಸ ಪದ್ಧತಿಯೇ ಗತಿ, ಕೈಯಲ್ಲಿ ಎಷ್ಟೇ ರಸೀದಿಗಳಿರಲಿ.