ಒಡೆದ ತಲೆ, 60 ಗೋಲು

ಮಳೆಯಲ್ಲಿ ನೆಂದ ಚರ್ಮದ ಚಪ್ಪಲಿಯನ್ನು ಕೈಯಲ್ಲಿ ಎತ್ತಿ ನೋಡಿದ್ದೀರಾ? ನೀರು ಕುಡಿದು ಎಷ್ಟು ಭಾರವಾಗಿರುತ್ತದೆ ಅಲ್ವಾ? ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಫುಟ್‌ಬಾಲ್ ಕೂಡ ಹಾಗೇ ಇತ್ತು. ಹೊರಗೆ ಚರ್ಮ, ಒಳಗೆ ರಬ್ಬರ್ ಬ್ಲಾಡರ್, ಬಾಯಿ ಬಿಗಿಯಲು ಶೂ ಲೇಸಿನಂಥದ್ದೇ ಒಂದು ಲೇಸು. ನಿಯಮದ ಪ್ರಕಾರ ಆಟ ಶುರುವಾಗುವಾಗ ಅದರ ತೂಕ 13ರಿಂದ 15 ಔನ್ಸ್, ಅಂದರೆ ಸುಮಾರು 370ರಿಂದ 425 ಗ್ರಾಂ ಇರಬೇಕಿತ್ತು. ‘ಶುರುವಾಗುವಾಗ’ ಅನ್ನುವ ಮಾತನ್ನು ಗಮನಿಸಿ. ಚಳಿಗಾಲದ ಕೆಸರಿನಲ್ಲಿ ಒಂದು ಗಂಟೆ ಹೊರಳಾಡಿದ ಮೇಲೆ ಅದು ಎಷ್ಟು ತೂಗುತ್ತದೆ ಎಂದು ನಿಯಮ ಕೇಳುತ್ತಿರಲಿಲ್ಲ.

ಆ ಕಾಲದಲ್ಲಿ ಇಂಥ ಚೆಂಡನ್ನು ಹಣೆಯಿಂದ ಹೊಡೆಯುವುದರಲ್ಲಿ ಭಾರೀ ಹೆಸರು ಮಾಡಿದವನು ವಿಲಿಯಂ ರಾಲ್ಫ್ ಡೀನ್. ವಿಚಿತ್ರ ಏನೆಂದರೆ, ಅವನ ತಲೆಬುರುಡೆ ಒಮ್ಮೆ ಒಡೆದಿತ್ತು.

ಡೀನ್ ಹುಟ್ಟಿದ್ದು 1907ರಲ್ಲಿ, ಲಿವರ್‌ಪೂಲ್‌ನಿಂದ ನದಿ ದಾಟಿದರೆ ಸಿಗುವ ಬರ್ಕನ್‌ಹೆಡ್‌ನಲ್ಲಿ. ಊರಿನ ಟ್ರಾನ್‌ಮಿಯರ್ ರೋವರ್ಸ್ ತಂಡದಲ್ಲಿ ಆಡುತ್ತಿದ್ದ ಹುಡುಗನನ್ನು 1925ರ ಮಾರ್ಚ್‌ನಲ್ಲಿ ಎವರ್ಟನ್ ಕ್ಲಬ್ 3,000 ಪೌಂಡ್ ಕೊಟ್ಟು ಕರೆದುಕೊಂಡಿತು. ಎಲ್ಲರೂ ಅವನನ್ನು ‘ಡಿಕ್ಸಿ’ ಅನ್ನುತ್ತಿದ್ದರು. ಅವನಿಗೆ ಆ ಹೆಸರು ಇಷ್ಟವಿರಲಿಲ್ಲ, ಬಿಲ್ ಅಂತ ಕರೆದರೆ ಸಾಕು ಅನ್ನುತ್ತಿದ್ದ. ಯಾರೂ ಕೇಳಲಿಲ್ಲ. ನಾನೂ ಕೇಳದೆ ಇರಬಾರದು ಎಂದು ಇಲ್ಲಿ ಡೀನ್ ಎಂದೇ ಬರೆಯುತ್ತಿದ್ದೇನೆ.

ಅವನು ಎವರ್ಟನ್ ಸೇರಿದ ಕೆಲವೇ ತಿಂಗಳಲ್ಲಿ ಆಟದ ಒಂದು ನಿಯಮ ಬದಲಾಯಿತು. ಅದನ್ನು ಬಿಟ್ಟರೆ ಮುಂದಿನ ಕಥೆ ಅರ್ಥವಾಗುವುದಿಲ್ಲ. ಅಲ್ಲಿಯವರೆಗೆ ಮುಂದಿನ ಆಟಗಾರನಿಗೆ ಜೊತೆಯವನು ಚೆಂಡು ಒದೆಯುವಾಗ ಅವನ ಮತ್ತು ಗೋಲು ಗೆರೆಯ ನಡುವೆ ಗೋಲ್‌ಕೀಪರ್ ಸೇರಿ ಎದುರಾಳಿ ತಂಡದ ಮೂವರು ಇರಬೇಕಿತ್ತು. ಇಲ್ಲದಿದ್ದರೆ ಆಫ್‌ಸೈಡ್. ಡಿಫೆಂಡರ್‌ಗಳು ಇದರಲ್ಲಿ ಒಂದು ಚಾಲಾಕಿ ಕಂಡುಕೊಂಡಿದ್ದರು. ಹಿಂದಿನ ಸಾಲಿನ ಇಬ್ಬರಲ್ಲಿ ಒಬ್ಬ ಹಿಂದೆ ನಿಲ್ಲುವುದು, ಇನ್ನೊಬ್ಬ ಸುಮ್ನೆ ನಾಲ್ಕು ಹೆಜ್ಜೆ ಮುಂದೆ ಹೋಗುವುದು. ಅಷ್ಟಕ್ಕೇ ರೆಫರಿ ಸೀಟಿ ಊದುತ್ತಿದ್ದ. ಲೆಕ್ಕ ತಪ್ಪಿದರೂ ಹಿಂದೆ ನಿಂತವನು ಕಾಪಾಡುತ್ತಿದ್ದ. ಪ್ರೇಕ್ಷಕರಿಗೆ ಬೇಜಾರೋ ಬೇಜಾರು.

1925ರಲ್ಲಿ ಮೂರನ್ನು ಎರಡು ಮಾಡಿದರು. ಈಗ ಲೆಕ್ಕ ತಪ್ಪಿದರೆ ಉಳಿಯುವುದು ಗೋಲ್‌ಕೀಪರ್ ಒಬ್ಬನೇ. ಫಲಿತಾಂಶ ಕೂಡಲೇ ಕಂಡಿತು. ಇಂಗ್ಲಿಷ್ ಲೀಗ್‌ನ ಎಲ್ಲಕ್ಕಿಂತ ಮೇಲಿನ ಹಂತವಾದ ಮೊದಲ ಡಿವಿಜನ್‌ನಲ್ಲಿ 22 ತಂಡ, 462 ಪಂದ್ಯ. 1924-25ರಲ್ಲಿ ಬಿದ್ದ ಗೋಲು 1,192. ಮರುವರ್ಷ 1,703. ಪಂದ್ಯಕ್ಕೆ ಸರಾಸರಿ ಎರಡೂವರೆಯಷ್ಟಿದ್ದದ್ದು ಮೂರೂವರೆ ದಾಟಿತು. ಆಟಗಾರರು ಅವರೇ, ಚೆಂಡೂ ಅದೇ. ಬದಲಾದದ್ದು ಒಂದು ಅಂಕಿ ಮಾತ್ರ.

ಡಿಫೆಂಡರ್‌ಗಳು ಸುಮ್ಮನೆ ಕೂರಲಿಲ್ಲ. ನಡುವಿನ ಆಟಗಾರನನ್ನು ಹಿಂದಕ್ಕೆ ಎಳೆದು ಸೆಂಟರ್ ಫಾರ್ವರ್ಡ್‌ಗೆ, ಅಂದರೆ ಡೀನ್‌ನಂತೆ ಮುಂದಿನ ಸಾಲಿನ ನಡುವೆ ನಿಂತು ಗೋಲು ಹೊಡೆಯುವವನಿಗೆ, ಕಾವಲು ಹಾಕುವ ಉಪಾಯವನ್ನು ಆರ್ಸೆನಲ್ ತಂಡ ಮೊದಲ ವರ್ಷದಲ್ಲೇ ರೂಢಿಸಿಕೊಳ್ಳತೊಡಗಿತು. ಆದರೆ ಎಲ್ಲ ತಂಡಗಳೂ ಅದನ್ನು ಕಲಿಯಲು ಕೆಲವು ವರ್ಷ ಬೇಕಾಯಿತು. ಬಾಗಿಲು ಅರ್ಧ ತೆರೆದಿದ್ದ ಆ ಕೆಲವೇ ವರ್ಷಗಳಲ್ಲಿ ಡೀನ್ ಒಳನುಗ್ಗಿದ.

ನುಗ್ಗುವ ಮೊದಲು ಸಾವಿನ ಬಾಗಿಲನ್ನೂ ತಟ್ಟಿ ಬಂದ. 1926ರ ಜೂನ್‌ನಲ್ಲಿ ವೇಲ್ಸ್‌ನ ರಸ್ತೆಯಲ್ಲಿ ಮೋಟಾರ್ ಬೈಕ್ ಅಪಘಾತ. ತಲೆಬುರುಡೆ ಬಿರಿದಿತ್ತು, ದವಡೆ ಮುರಿದಿತ್ತು. ಇನ್ನು ಆಟ ಆಡಿದ ಹಾಗೆಯೇ ಎಂದು ಡಾಕ್ಟರುಗಳು ಕೈಚೆಲ್ಲಿದರು. ಅದೇ ವರ್ಷ ಅಕ್ಟೋಬರ್‌ನಲ್ಲಿ ಅವನು ಮತ್ತೆ ಮೈದಾನದಲ್ಲಿದ್ದ! ತಲೆಯೊಳಗೆ ಲೋಹದ ತಟ್ಟೆ ಕೂರಿಸಿದ್ದಾರೆ, ಅದಕ್ಕೇ ಅವನ ಹೆಡರ್‌ಗೆ ಅಷ್ಟು ಜೋರು ಎಂದು ಜನ ಮಾತಾಡಿಕೊಂಡರು. ಅದು ಬರೀ ಕಥೆ. ಮುರಿದ ಮೂಳೆಯ ನಡುವೆ ದೇಹ ಮೊದಲು ಮೆತ್ತನೆ ಅಂಗಾಂಶ ಬೆಳೆಸುತ್ತದೆ, ಆಮೇಲೆ ನಿಧಾನಕ್ಕೆ ಸುಣ್ಣದ ಅಂಶ ತುಂಬಿ ಗಟ್ಟಿ ಮಾಡುತ್ತದೆ. ಹತ್ತೊಂಬತ್ತರ ಹರೆಯದಲ್ಲಿ ಈ ಕೆಲಸ ಬೇಗ ನಡೆಯುತ್ತದೆ, ಅಷ್ಟೇ.

ಜೋರಿನ ಗುಟ್ಟು ಬೇರೆ ಕಡೆ ಇದೆ. ಒಳ್ಳೆಯ ಹೆಡರ್ ಆಟಗಾರ ಗಾಳಿಯಲ್ಲಿ ನಿಂತುಬಿಟ್ಟ ಹಾಗೆ ಕಾಣುತ್ತಾನಲ್ಲ, ಅದು ಪೂರ್ತಿ ಕಣ್ಣಿನ ಭ್ರಮೆಯಲ್ಲ. ಮೇಲೆ ಹೋದಷ್ಟೂ ವೇಗ ಕಡಿಮೆಯಾಗುತ್ತದೆ. ಹಾಗಾಗಿ ಯಾರೇ ನೆಗೆದರೂ ನೆಗೆತದ ಅರ್ಧ ಸಮಯ ಕಳೆಯುವುದು ಎತ್ತರದ ಮೇಲಿನ ಕಾಲು ಭಾಗದಲ್ಲೇ. 60 ಸೆಂಟಿಮೀಟರ್ ನೆಗೆದರೆ ಗಾಳಿಯಲ್ಲಿರುವುದು ಸುಮಾರು 0.7 ಸೆಕೆಂಡ್. ಅದರಲ್ಲಿ 0.35 ಸೆಕೆಂಡ್ ಮೇಲ್ಗಡೆಯೇ. ಆ ಹೊತ್ತಿಗೆ ಸರಿಯಾಗಿ ಚೆಂಡು ಬರುವಂತೆ ನೆಗೆಯುವುದೇ ಕಸುಬು.

ಇನ್ನೊಂದು ಗುಟ್ಟು ಕತ್ತಿನದು. 400 ಗ್ರಾಂ ಚೆಂಡು ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದು ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಹಣೆಯ ಮೇಲೆ ನಿಂತರೆ, ಆ ಕ್ಷಣಕ್ಕೆ ಸರಾಸರಿ 60 ಕಿಲೋ ಭಾರ ಬಿದ್ದ ಹಾಗೆ. ವಾಪಸ್ ಚಿಮ್ಮಿದರೆ ಇನ್ನೂ ಜಾಸ್ತಿ. ಕತ್ತನ್ನು ಬಿಗಿ ಮಾಡಿದರೆ ತಲೆಯ ಐದು ಕಿಲೋ ಜೊತೆಗೆ ಎದೆ, ಭುಜಗಳ ತೂಕವೂ ಸೇರಿಕೊಳ್ಳುತ್ತದೆ. ಚೆಂಡು ದೂರ ಹೋಗುತ್ತದೆ, ತಲೆ ಕಡಿಮೆ ಅಲುಗುತ್ತದೆ. ಕತ್ತು ಸಡಿಲ ಬಿಟ್ಟವನಿಗೆ ನಕ್ಷತ್ರ ಕಾಣುತ್ತದೆ. ಲೇಸು ಇರುವ ಕಡೆ ತಗುಲಿದರೆ ಹಣೆಯ ಚರ್ಮವೂ ಕಿತ್ತುಹೋಗುತ್ತದೆ.

1927-28ರಲ್ಲಿ ಎಲ್ಲವೂ ಕೂಡಿ ಬಂತು. ಹಿಂದಿನ ವರ್ಷ ಮಿಡಲ್ಸ್‌ಬರೋ ತಂಡದ ಜಾರ್ಜ್ ಕ್ಯಾಮ್ಸೆಲ್ ಎರಡನೇ ಡಿವಿಜನ್‌ನಲ್ಲಿ 59 ಗೋಲು ಹೊಡೆದು ದಾಖಲೆ ಮಾಡಿದ್ದ. ಅದನ್ನು ಮುರಿಯಲು ಡೀನ್‌ಗೆ ಕೊನೆಯ ಮೂರು ಪಂದ್ಯಗಳಲ್ಲಿ ಒಂಬತ್ತು ಬೇಕಿತ್ತು. ಆಸ್ಟನ್ ವಿಲಾ ವಿರುದ್ಧ ಎರಡು, ಬರ್ನ್‌ಲಿ ವಿರುದ್ಧ ನಾಲ್ಕು. ಮೇ 5ರಂದು ಆರ್ಸೆನಲ್ ಎದುರು ಇನ್ನೂ ಮೂರು ಬೇಕು. ಎರಡಾಯಿತು. ಪಂದ್ಯ ಮುಗಿಯಲು ಕೆಲವೇ ನಿಮಿಷ ಇರುವಾಗ ಅಲೆಕ್ ಟ್ರೂಪ್ ಎಂಬ ಕುಳ್ಳ ಸ್ಕಾಟಿಷ್ ಆಟಗಾರ ಕಾರ್ನರ್ ಕಿಕ್ ತೆಗೆದುಕೊಂಡ. ಡೀನ್ ಹಣೆ ಕೊಟ್ಟ. 39 ಪಂದ್ಯ, 60 ಗೋಲು. ತಂಡ ಇಡೀ ವರ್ಷ ಹೊಡೆದದ್ದು 102!

ಈಗಿನ ದೈತ್ಯ ಎರ್ಲಿಂಗ್ ಹಾಲೆಂಡ್ 2022-23ರಲ್ಲಿ 36 ಹೊಡೆದು ಪ್ರೀಮಿಯರ್ ಲೀಗ್ ದಾಖಲೆ ಮಾಡಿದ. ಹಾಗಂತ ಡೀನ್ ಅವನಿಗಿಂತ ದೊಡ್ಡವನು ಎನ್ನುವುದು ಅವಸರದ ಮಾತು. ಗೋಲು ಸುಲಭವಾಗಿದ್ದ ಕಾಲವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಆದರೆ ಆ ಕಾಲ ಎಲ್ಲ ಸೆಂಟರ್ ಫಾರ್ವರ್ಡ್‌ಗಳಿಗೂ ಒಂದೇ ಆಗಿತ್ತು. ಇಂಗ್ಲಿಷ್ ಲೀಗ್‌ನಲ್ಲಿ 60 ಮುಟ್ಟಿದವನು ಒಬ್ಬನೇ.

ಇಷ್ಟೆಲ್ಲ ಹೆಡರ್‌ಗಳ ಬೆಲೆ ಏನು? 2019ರಲ್ಲಿ ಗ್ಲಾಸ್ಗೋ ವಿಶ್ವವಿದ್ಯಾಲಯದ ತಂಡ 1900ರಿಂದ 1976ರ ನಡುವೆ ಹುಟ್ಟಿದ 7,676 ಮಾಜಿ ಸ್ಕಾಟಿಷ್ ಆಟಗಾರರ ದಾಖಲೆ ನೋಡಿತು. ಮರೆವಿನ ಕಾಯಿಲೆಯಂಥ ಮಿದುಳಿನ ರೋಗಗಳಿಂದ ಸತ್ತವರ ಪ್ರಮಾಣ ಸಾಮಾನ್ಯ ಜನರಿಗಿಂತ ಸುಮಾರು ಮೂರೂವರೆ ಪಟ್ಟು. ಹೃದ್ರೋಗದ ಸಾವು ಮಾತ್ರ ಕಡಿಮೆ. ಹಳೆಯ ಒದ್ದೆ ಚೆಂಡೇ ಕಾರಣ, ಈಗಿನದು ಹಗುರ ಎಂದು ಸಮಾಧಾನ ಮಾಡಿಕೊಳ್ಳುವವರಿದ್ದಾರೆ. ಆದರೆ ಈಗಿನ ಚೆಂಡೂ ಒಣಗಿದ್ದಾಗ ಹೆಚ್ಚು ಕಡಿಮೆ ಅಷ್ಟೇ ತೂಗುತ್ತದೆ. ನೀರು ಕುಡಿಯದ ಕಾರಣ ವೇಗವಾಗಿಯೂ ಬರುತ್ತದೆ. ಬುರುಡೆ ಗಟ್ಟಿ ಇದ್ದರೇನು, ಒಳಗಿನ ದ್ರವದಲ್ಲಿ ತೇಲುವ ಮಿದುಳು ಪ್ರತಿ ಏಟಿಗೂ ಒಂಚೂರು ತಡವಾಗಿ ಅಲುಗುತ್ತದೆ.

ಡೀನ್‌ಗೆ ಸಿಗುತ್ತಿದ್ದ ಸಂಬಳ? ಆಗ ಆಟಗಾರರ ಗರಿಷ್ಠ ವೇತನ ವಾರಕ್ಕೆ 8 ಪೌಂಡ್, ಬೇಸಿಗೆಯಲ್ಲಿ 6. ಅರವತ್ತು ಹೊಡೆದರೂ ಅದೇ, ಆರು ಹೊಡೆದರೂ ಅದೇ. 1938ರಲ್ಲಿ ಎವರ್ಟನ್ ಬಿಟ್ಟ ಅವನು ಆಮೇಲೆ ಚೆಸ್ಟರ್‌ನಲ್ಲಿ ಪಬ್ ನಡೆಸಿದ. 1976ರಲ್ಲಿ ರಕ್ತ ಹೆಪ್ಪುಗಟ್ಟಿದ್ದರಿಂದ ಬಲಗಾಲು ತೆಗೆಯಬೇಕಾಯಿತು. 1980ರ ಮಾರ್ಚ್ 1ರಂದು ಗುಡಿಸನ್ ಪಾರ್ಕ್‌ನಲ್ಲಿ ಎವರ್ಟನ್-ಲಿವರ್‌ಪೂಲ್ ಪಂದ್ಯ ನೋಡಲು ಹೋಗಿದ್ದಾಗ ಹೃದಯಾಘಾತವಾಯಿತು. ಅರವತ್ತನೇ ಗೋಲು ಹೊಡೆದದ್ದೂ ಅದೇ ಮೈದಾನದಲ್ಲಿ.