ಕೆರೆಯ ಕಳೆ ಹೂಕುಂಡಕ್ಕೆ ಬಂದ ದಾರಿ

ಕೆರೆ ತುಂಬ ಹಬ್ಬಿರುವ ವಾಟರ್ ಹಯಸಿಂತ್ ಎಂಬ ಈ ಕಳೆ ಭಾರತಕ್ಕೆ ಬಂದದ್ದೇ ಅಲಂಕಾರದ ಗಿಡವಾಗಿ. ದಕ್ಷಿಣ ಅಮೆರಿಕದ ಈ ನೇರಳೆ ಹೂವು 19ನೇ ಶತಮಾನದ ಕೊನೆಗೆ ಬಂಗಾಳ ಸೇರಿತು. 1936ಕ್ಕೆ ಅದನ್ನು ತಡೆಯಲು ಅಲ್ಲಿ ಕಾಯ್ದೆಯೇ ಬೇಕಾಯಿತು. ನಾವು ಇದನ್ನು ಅಂತರಗಂಗೆ ಎನ್ನುತ್ತೇವೆ, ಆದರೆ ಆ ಹೆಸರು ನೀರಲ್ಲಿ ತೇಲುವ ಇನ್ನೊಂದು ಗಿಡದ್ದು. 1980ರ ದಶಕದಲ್ಲಿ ಬೆಂಗಳೂರಿನ ಕೆರೆಗಳಿಗೆ ಇದನ್ನು ತಿನ್ನುವ ಮೂತಿಹುಳು ಬಿಟ್ಟರು. ಕೆಲವೆಡೆ ಕಳೆ ಕುಗ್ಗಿತು. ಅದಕ್ಕೆ ಸಾರ ಕೊಡುವ ಚರಂಡಿ ನೀರು ಮಾತ್ರ ಬರುತ್ತಲೇ ಇತ್ತು. ಈಗ ಯಂತ್ರದಲ್ಲಿ ಎತ್ತಿ ದಡಕ್ಕೆ ಸುರಿಯುವುದುಂಟು. ಮಳೆ ಬಂದರೆ ಕೊಳೆತ ರಸ ಮತ್ತೆ ಕೆರೆಗೇ.

ಅತ್ತ ಕುಂಡದ ಕತೆಯೂ ಬದಲಾಯಿತು. ಕೆಮ್ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರದ ಮಿಶ್ರಣ ಬಾಲ್ಕನಿಗೆ ಭಾರವೆನಿಸಿ ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಬಂತು. ಹಗುರ, ನೀರು ಹಿಡಿಯುತ್ತದೆ, ಆದರೆ ಸಾರ ಕಡಿಮೆ. ಆ ಕೊರತೆಯನ್ನು ಈ ಕೆರೆ ಕಳೆಯ ಕಾಂಪೋಸ್ಟ್ ತುಂಬಬಲ್ಲದು.

ಹಸಿ ಗಿಡದಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನೀರು. ನೇರ ರಾಶಿ ಹಾಕಿದರೆ ಗಾಳಿಯಾಡದೆ ನಾರುತ್ತದೆ. ಮೊದಲು ಬೇರು ಕತ್ತರಿಸಿ ತೆಗೆಯಬೇಕು: ಕೆಸರು ಹಿಡಿಯುವುದೂ ಕೊಳಚೆ ನೀರಿನ ಸೀಸ, ಕ್ಯಾಡ್ಮಿಯಂ ಹೆಚ್ಚು ಸೇರುವುದೂ ಅಲ್ಲೇ. ಉಳಿದದ್ದನ್ನು ಎರಡು ಮೂರು ದಿನ ಬಾಡಿಸಿ, ಎರಡು ಇಂಚಿನ ತುಂಡು ಮಾಡಿ, ಬಾಡಿದ ಮೂರು ಬುಟ್ಟಿಗೆ ಒಂದು ಬುಟ್ಟಿ ಒಣ ತರಗೆಲೆ, ಸ್ವಲ್ಪ ಸಗಣಿ ಗಂಜಲ ಸೇರಿಸಿ ಮೂರು ನಾಲ್ಕು ಅಡಿ ಎತ್ತರ ಪೇರಿಸಬೇಕು. ಒಳಗೆ 55 ಡಿಗ್ರಿಗೂ ಮೇಲೆ ಬಿಸಿ ಹಲವು ದಿನ ನಿಲ್ಲದಿದ್ದರೆ ಕಳೆಯ ಬೀಜ ಸಾಯುವ ಖಾತರಿಯಿಲ್ಲ. ರಾಶಿಯ ಅಂಚು ತಣ್ಣಗೇ ಇರುವುದರಿಂದ ವಾರಕ್ಕೊಮ್ಮೆ ಮಗುಚಿ ಹೊರಗಿನದನ್ನು ಒಳಗೆ ಹಾಕಬೇಕು. ಮಾಗಲು ಎರಡು ಮೂರು ತಿಂಗಳು. ಮೂವತ್ತು ದಿನಕ್ಕೇ ಚೀಲ ತುಂಬುವ ಅವಸರ ಬೇಡ: ಅರೆಕೊಳೆತದ್ದು ಕುಂಡದಲ್ಲಿ ಬಿಸಿಯಾಗುತ್ತದೆ, ಸಾರಜನಕವನ್ನೂ ಕಸಿಯುತ್ತದೆ.

ಅರ್ಧ ಇಂಚಿನ ಜರಡಿಯಲ್ಲಿ ಸೋಸಿ, ಅಳತೆಯಲ್ಲಿ ಎರಡು ಪಾಲು ಕೋಕೊಪೀಟ್, ಒಂದು ಪಾಲು ಕಾಂಪೋಸ್ಟ್, ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು) ಅಥವಾ ಸುಟ್ಟ ಭತ್ತದ ಹೊಟ್ಟು ಬೆರೆಸಿದರೆ ಕ್ರೋಟನ್, ಮನಿ ಪ್ಲಾಂಟ್‌ಗೆ ಸಾಕು. ಕಾಂಪೋಸ್ಟನ್ನೇ ಅರ್ಧಕ್ಕರ್ಧ ಹಾಕಿದರೆ ಮಿಶ್ರಣ ಕುಸಿದು ನೀರು ನಿಲ್ಲುತ್ತದೆ, ಬೇರು ಕೊಳೆಯುತ್ತದೆ. ಪೊಟ್ಯಾಶ್ ಜಾಸ್ತಿಯಿರುವ ಈ ಗೊಬ್ಬರದಲ್ಲಿ ಲವಣವೂ ಹೆಚ್ಚಿರಬಹುದು. ಸ್ಪೈಡರ್ ಪ್ಲಾಂಟ್‌ನ ಎಲೆತುದಿ ಮೊದಲು ಸುಡುತ್ತದೆ. ನೆಡುವ ಮುಂಚೆ ಕುಂಡದ ಎರಡರಷ್ಟು ನೀರು ಹರಿಸಿ ತೊಳೆಯುವುದು ಒಳ್ಳೆಯದು.

ಕೊಳಚೆ ಕೆರೆಯದ್ದಾದರೆ ಅದೇ ಮಿಶ್ರಣದಲ್ಲಿ ಪುದೀನ, ಕೊತ್ತಂಬರಿ ಹಾಕಬಾರದು. ಚೀಲದ ಮೇಲೆ ಯಾವ ಕೆರೆಯದೆಂದು ಬರೆದಿದ್ದರೆ ಕೊಳ್ಳುವವರಿಗೆ ಇಷ್ಟು ತಿಳಿಯುತ್ತಿತ್ತು.