ಕಮಾನು ಹಿಡಿದ ಕೈಯಲ್ಲಿ ಯಾರ್ಯಾರಿದ್ದಾರೆ

ನನ್ನ ಹತ್ತಿರ ಪಿಟೀಲು ಕಲಿಯುವ ಒಬ್ಬ ಹುಡುಗಿ ಇದ್ದಾಳೆ. ವಯಸ್ಸು 13. ಬೆರಳು ಚುರುಕು, ಕಿವಿಯೂ ಚೆನ್ನಾಗಿದೆ. ಆದರೆ ಕಮಾನು ತಂತಿಗೆ ತಾಗಿದ ಕೂಡಲೇ 'ಕರ್' ಅಂತ ಒಂದು ಸದ್ದು. ಆಮೇಲೆ ಸ್ವರ ಸರಿಯಾಗಿಯೇ ಬರುತ್ತದೆ. ಆ ಮೊದಲ ಕರಕರ ಮಾತ್ರ ಬಿಡುವುದಿಲ್ಲ. ಮೊನ್ನೆ ಬೇಜಾರಾಗಿ ಕಮಾನು ಕೆಳಗಿಟ್ಟು, "ಸರ್, ದೊಡ್ಡ ದೊಡ್ಡ ವಿದ್ವಾಂಸರಿಗೂ ಹೀಗೆ ಆಗ್ತಿತ್ತಾ?" ಅಂತ ಕೇಳಿದಳು.

ಆಗ್ತಿತ್ತು. ಅದಕ್ಕೆ ಒಂದು ಕಾಗದವೇ ಸಾಕ್ಷಿ. 1760ರ ಮಾರ್ಚ್ 5ರಂದು ಇಟಲಿಯ ಪಡುವಾದಿಂದ ಪಿಟೀಲುವಾದಕ ಜುಸೆಪ್ಪೆ ಟಾರ್ಟೀನಿ ಒಂದು ಪತ್ರ ಬರೆದರು. ಬರೆದದ್ದು ಮದ್ದಲೇನಾ ಲೊಂಬಾರ್ದೀನಿ ಎಂಬ ಶಿಷ್ಯೆಗೆ. ಆಗ ಅವಳಿಗೆ 14 ವರ್ಷ. ವೆನಿಸ್‌ನ ಧರ್ಮಸಂಸ್ಥೆಯೊಂದರ ಸಂಗೀತಶಾಲೆಯಲ್ಲಿ ಕಲಿಯುತ್ತಿದ್ದಳು. ಟಾರ್ಟೀನಿ ಅಂದರೆ ಜನಕ್ಕೆ ನೆನಪಾಗುವುದು ಕನಸಿನಲ್ಲಿ ಸೈತಾನ ಬಂದು ಪಿಟೀಲು ನುಡಿಸಿದ ಕತೆ, ಅದರಿಂದ ಹುಟ್ಟಿದ ಸೊನಾಟಾ ಎಂಬ ವಾದ್ಯಕೃತಿ. ನನಗೆ ಆ ಕನಸಿಗಿಂತ ಈ ಪತ್ರದ ಮೇಲೆ ಪ್ರೀತಿ ಜಾಸ್ತಿ. ಪಿಟೀಲಿನ ಚರಿತ್ರೆಯಲ್ಲಿ ಇಷ್ಟು ಕಡಿಮೆ ಮಾತಿನಲ್ಲಿ ಇಷ್ಟು ಕಲಿಸಿದ ಬರಹ ಇನ್ನೊಂದಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಅದರಲ್ಲಿ ಏನಿದೆ? ಮೊದಲು ಕಮಾನಿನ ಮೇಲೆ ಹಿಡಿತ ಬರಲಿ ಅನ್ನುತ್ತಾರೆ. ಕಮಾನು ತಂತಿಯನ್ನು ಮುಟ್ಟುವ ಆ ಮೊದಲ ಕ್ಷಣ ಉಸಿರಿನ ಹಾಗಿರಬೇಕು, ಏಟಿನ ಹಾಗಿರಬಾರದು. ಹಗುರಾಗಿ ಮುಟ್ಟಿ, ಎಳೆಯುತ್ತಾ ಹೋದ ಮೇಲೆ ಎಷ್ಟು ಬೇಕಾದರೂ ಬಲ ಕೊಡಬಹುದು. ಇದನ್ನು ಬೆರಳಿಡದೆ ಬರೀ ಖಾಲಿ ತಂತಿಯ ಮೇಲೆ ಮಾಡಬೇಕು. ಕೇಳಿಯೂ ಕೇಳದಷ್ಟು ಮೆಲ್ಲಗೆ ಶುರುಮಾಡಿ, ನಿಧಾನವಾಗಿ ಏರಿಸಬೇಕು. ಕಮಾನು ಕೆಳಗೆ ಬರುವಾಗಲೂ ಹೀಗೆ, ಮೇಲೆ ಹೋಗುವಾಗಲೂ ಹೀಗೆ. ದಿನಕ್ಕೆ ಒಂದು ಗಂಟೆ, ಆದರೆ ಒಂದೇ ಸಲಕ್ಕೆ ಬೇಡ. ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ.

ಏಟಿನ ಹಾಗಿದ್ದರೆ ಏನಾಗುತ್ತದೆ ಅನ್ನುವುದನ್ನು ಹತ್ತಿರದಿಂದ ನೋಡೋಣ. ಕಮಾನಿನ ಕೂದಲಿಗೆ ರಾಳ ಹಚ್ಚಿರುತ್ತೇವೆ. ಅದು ತಂತಿಯನ್ನು ಹಿಡಿದು ಎಳೆಯುತ್ತದೆ, ತಂತಿ ಜಾರಿ ಹಿಂದಕ್ಕೆ ಹೋಗುತ್ತದೆ, ಮತ್ತೆ ಹಿಡಿಯುತ್ತದೆ. ಒಂದು ಸೆಕೆಂಡಿಗೆ ನೂರಾರು ಸಲ ಈ ಹಿಡಿ-ಬಿಡು ನಡೆಯುತ್ತದೆ. ಇದು ಒಂದೇ ಲಯಕ್ಕೆ ಬಿದ್ದಾಗ ನಮಗೆ ಸ್ವರ ಕೇಳುತ್ತದೆ. ಕೈ ಓಡುವ ಮೊದಲೇ ಭಾರ ಜಾಸ್ತಿ ಹಾಕಿದರೆ ತಂತಿ ಹೊತ್ತಿಗೆ ಸರಿಯಾಗಿ ಜಾರುವುದಿಲ್ಲ. ಲಯ ಕೂಡಿಕೊಳ್ಳುವ ತನಕ ಕರಕರ. ಟಾರ್ಟೀನಿ ಈ ವಿವರಣೆಗೆಲ್ಲ ಹೋಗಲಿಲ್ಲ. 'ಉಸಿರಿನ ಹಾಗೆ' ಅನ್ನುವ ಒಂದು ಹೋಲಿಕೆ ಕೊಟ್ಟರು. ಮಕ್ಕಳ ಕೈಗೆ ಅದೇ ಬೇಗ ಅರ್ಥವಾಗುತ್ತದೆ.

ಪ್ರಸಿದ್ಧ ಪಿಟೀಲುವಾದಕರ ಬಗ್ಗೆ ಬರೆಯಿರಿ ಅಂತ ಯಾರಾದರೂ ಕೇಳಿದಾಗ ನನಗೆ ಮೊದಲು ಹೊಳೆಯುವುದೇ ಇದು. ಧ್ವನಿಮುದ್ರಣ ಬರುವ ಮೊದಲು ಬಾಳಿದವರ ಒಂದು ಸ್ವರವೂ ನಮಗೆ ಸಿಕ್ಕಿಲ್ಲ. ಆದರೆ ಅವರು ಕಂಡುಕೊಂಡ ದಾರಿಗಳು ನಮ್ಮ ಕೈಯಲ್ಲಿವೆ. ದಿನಾ ಪಾಠ ಹೇಳುವಾಗ ನಾನು ಯಾರದ್ದೋ ಮಾತನ್ನೇ ಹೇಳುತ್ತಿರುತ್ತೇನೆ.

ಕಮಾನನ್ನೇ ತೆಗೆದುಕೊಳ್ಳಿ. ಕಮಾನು ಅಂದರೆ ಬಿಲ್ಲು, ಅಲ್ವಾ? ಟಾರ್ಟೀನಿಗಿಂತ ಹಿಂದಿನವರು, ರೋಮ್‌ನ ಆರ್ಕಾಂಜೆಲೊ ಕೊರೆಲ್ಲಿಯಂಥವರು (1653–1713) ಹಿಡಿದ ಕಮಾನಿಗೆ ಈ ಹೆಸರು ಸರಿಯಾಗಿ ಒಪ್ಪುತ್ತದೆ. ಅದರ ಕೋಲು ಹೊರಕ್ಕೆ ಬಾಗುತ್ತಿತ್ತು. ಇವತ್ತಿನ ಕಮಾನಿನ ಕೋಲು ಕೂದಲಿನ ಕಡೆಗೆ, ಅಂದರೆ ಒಳಕ್ಕೆ ಬಾಗಿದೆ. 18ನೇ ಶತಮಾನದ ಕೊನೆಯ ಹೊತ್ತಿಗೆ ಪ್ಯಾರಿಸ್‌ನಲ್ಲಿ ಫ್ರಾನ್ಸ್ವಾ ಟೂರ್ಟ್ ಎಂಬ ಕುಶಲಕರ್ಮಿ ಈ ಆಕಾರವನ್ನು ನೆಲೆಗೊಳಿಸಿದರು. ಅದಕ್ಕೆ ಬ್ರೆಜಿಲ್‌ನಿಂದ ಬರುತ್ತಿದ್ದ ಪೆರ್ನಂಬೂಕೊ ಮರ ಬಳಸಿದರು. ಪಿಟೀಲುವಾದಕ ಜೊವಾನ್ನಿ ಬತ್ತಿಸ್ತಾ ವಿಯೋತ್ತಿಯ ಸಲಹೆಯೂ ಇದರ ಹಿಂದಿತ್ತು ಎಂಬ ಮಾತು ಮೊದಲಿನಿಂದ ಇದೆ. 1782ರಲ್ಲಿ ಪ್ಯಾರಿಸ್‌ನಲ್ಲಿ ನುಡಿಸಿ ವಿಯೋತ್ತಿ ಊರಿಗೆ ಊರನ್ನೇ ಗೆದ್ದಿದ್ದರು. ಈ ಕಮಾನು ಬಂದ ಮೇಲೆ ಬುಡದಿಂದ ತುದಿಯವರೆಗೂ ಒಂದೇ ಬಲದಲ್ಲಿ ಉದ್ದಕ್ಕೆ ಎಳೆಯುವುದು ಸುಲಭವಾಯಿತು. ಆಕಾರ ತಿರುಗಿತು, ಹೆಸರು ಮಾತ್ರ ನಮ್ಮ ಬಾಯಲ್ಲಿ ಹಳೆಯದೇ ಉಳಿಯಿತು.

ಆಮೇಲೆ ಪಿಟೀಲುವಾದಕ ಪಗನೀನಿ. ಜೆನೋವಾದಲ್ಲಿ 1782ರಲ್ಲಿ ಹುಟ್ಟಿದವರು. ಇವರ ಸುತ್ತಲೂ ಸೈತಾನನ ಕತೆಗಳೇ. ಆ ಕತೆಗಳನ್ನು ಕೇಳಿದಾಗ ನನಗೆ ಸಂಕಟವಾಗುತ್ತದೆ. ಆ ಮನುಷ್ಯನ ಬೆವರೆಲ್ಲ ಬೇರೆಯವರ ಲೆಕ್ಕಕ್ಕೆ ಹೋದ ಹಾಗೆ. 1820ರಲ್ಲಿ ಅಚ್ಚಾದ ಅವರ 24 ಕಪ್ರೀಸ್‌ಗಳನ್ನು, ಅಂದರೆ ಒಂಟಿ ಪಿಟೀಲಿನ ಪುಟ್ಟ ರಚನೆಗಳನ್ನು, ಎದುರಿಗಿಟ್ಟುಕೊಂಡು ನೋಡಿದರೆ ಮಾಟಮಂತ್ರ ಏನೂ ಕಾಣುವುದಿಲ್ಲ. ಒಬ್ಬ ಮನುಷ್ಯ ಪಿಟೀಲಿಗೆ ಒಂದೊಂದೇ ಪ್ರಶ್ನೆ ಕೇಳುತ್ತಾ ಹೋದದ್ದು ಕಾಣುತ್ತದೆ. ಎರಡೆರಡು ತಂತಿಯಲ್ಲಿ ಕೊಳಲಿನ ಹಾಗೂ ಕೊಂಬಿನ ದನಿ ಬರುತ್ತದಾ? 9ನೆಯದರಲ್ಲಿ ಅದಿದೆ. ಸ್ವರ ಹಿಡಿದ ಎಡಗೈಯೇ ತಂತಿಯನ್ನು ಮೀಟಬಹುದಾ? 24ನೆಯದರಲ್ಲಿ ಅದಿದೆ. ಒಂದು ಬೆರಳು ತಂತಿ ಒತ್ತಿ ನಿಂತಿರುತ್ತದೆ, ಅದರ ಮೇಲಿನ ಬೆರಳು ಅದೇ ತಂತಿಯನ್ನು ಕಿತ್ತು ಮೀಟುತ್ತದೆ. ಮೊದಲ ದಿನ ಬೆರಳತುದಿ ಉರಿಯುತ್ತದೆ. ಎರಡು ತಿಂಗಳಿಗೆ ಪಟಪಟ ಅಂತ ಉದುರುತ್ತದೆ.

ಆ ಪುಸ್ತಕವನ್ನು ಪಗನೀನಿ ಯಾವ ರಾಜನಿಗೂ ಅರ್ಪಿಸಲಿಲ್ಲ, 'ಕಲಾವಿದರಿಗೆ' ಅಂತ ಬರೆದರು. ಕಲಾವಿದರೂ ಅದನ್ನು ಕೈಬಿಡಲಿಲ್ಲ. 1832ರಲ್ಲಿ ಪ್ಯಾರಿಸ್‌ನಲ್ಲಿ ಅವರನ್ನು ಕೇಳಿದ 20ರ ಹರೆಯದ ಫ್ರಾನ್ಸ್ ಲಿಸ್ಟ್, ಪಿಯಾನೊದಲ್ಲಿ ಇದನ್ನೇ ಸಾಧಿಸಬೇಕು ಅಂತ ಹಟ ಹಿಡಿದು ಸಾಧನೆಗೆ ಕೂತರು. 24ನೇ ಕಪ್ರೀಸಿನ ಆ ಪುಟ್ಟ ಧಾಟಿಯನ್ನು ತಮ್ಮ ರಚನೆಗಳಿಗೆ ಮುಂದೆ ಬ್ರಾಮ್ಸ್ ಎತ್ತಿಕೊಂಡರು, 1934ರಲ್ಲಿ ರಾಹ್ಮನಿನೊಫ್ ಎತ್ತಿಕೊಂಡರು. ಪಗನೀನಿ ನುಡಿಸುತ್ತಿದ್ದ, 1743ರಲ್ಲಿ ಗ್ವಾರ್ನೇರಿ ಎಂಬ ಕುಶಲಕರ್ಮಿ ಮಾಡಿದ ಪಿಟೀಲು ಈಗಲೂ ಜೆನೋವಾ ನಗರದ ಸ್ವತ್ತು. ಅದರ ಗಟ್ಟಿ ದನಿಗೆ ಅವರೇ ಇಟ್ಟ ಹೆಸರು 'ಫಿರಂಗಿ'.

ಎಡಗೈ ಅಂದಾಗ ಒಂದು ವಿಷಯ ಹೇಳಲೇಬೇಕು. ನಾನು ಇದನ್ನು ಯೋಚಿಸಿದಾಗಲೆಲ್ಲ ಖುಷಿಯಾಗುತ್ತದೆ. ಪಿಟೀಲಿನಲ್ಲಿ ಎಡಗೈಗೆ ಎರಡು ಕೆಲಸ: ವಾದ್ಯ ಬೀಳದ ಹಾಗೆ ಹಿಡಿಯಬೇಕು, ತಂತಿಯ ಮೇಲೆ ಓಡಾಡಲೂಬೇಕು. ಹಿಡಿದರೆ ಓಡಲು ಆಗುವುದಿಲ್ಲ, ಓಡಿದರೆ ಹಿಡಿತ ಹೋಗುತ್ತದೆ. ಇದಕ್ಕೆ ಜರ್ಮನಿಯ ಪಿಟೀಲುವಾದಕ ಲೂಯಿಸ್ ಷ್ಪೋರ್ (1784–1859) 1820ರ ಸುಮಾರಿಗೆ ಒಂದು ಉಪಾಯ ಮಾಡಿದರು. ಗದ್ದ ಊರಲು ಪಿಟೀಲಿಗೆ ಒಂದು ಪಟ್ಟಿ ಜೋಡಿಸಿದರು. ಅದೇ ಇವತ್ತಿನ ಚಿನ್ ರೆಸ್ಟ್. ಗದ್ದ ಹಿಡಿಯಿತು, ಕೈ ಬಿಡುಗಡೆಯಾಯಿತು.

ಇನ್ನೊಂದು ಕಡೆ, ಮದ್ರಾಸಿನಲ್ಲಿ, ಬಾಲುಸ್ವಾಮಿ ದೀಕ್ಷಿತರು (1786–1858) ಯುರೋಪಿನ ವಾದಕರೊಬ್ಬರಿಂದ ಪಿಟೀಲು ಕಲಿತು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು. ಮುತ್ತುಸ್ವಾಮಿ ದೀಕ್ಷಿತರ ತಮ್ಮ ಇವರು. ಇಸವಿಗಳನ್ನು ನೋಡಿ, ಷ್ಪೋರ್ ಮತ್ತು ಬಾಲುಸ್ವಾಮಿ ಹೆಚ್ಚುಕಡಿಮೆ ಓರಗೆಯವರು. ನಮ್ಮ ಕಡೆ ಬೆಳೆದ ಪದ್ಧತಿಯಲ್ಲಿ ವಾದಕರು ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂತರು. ಪಿಟೀಲಿನ ಒಂದು ತುದಿ ಎದೆಗೆ, ಇನ್ನೊಂದು ತುದಿ ಬಲಗಾಲಿನ ಹರಡಿನ ಮೇಲೆ. ಭಾರವನ್ನು ಕಾಲು ಹೊತ್ತಿತು. ಎಡಗೈ ತಂತಿಯ ಉದ್ದಕ್ಕೂ ನಿರಾಳವಾಗಿ ಜಾರಿತು. ಗಮಕಕ್ಕೆ, ಅಂದರೆ ಸ್ವರವನ್ನು ಆಡಿಸಿ ನುಡಿಸುವುದಕ್ಕೆ, ಬೇಕಾದದ್ದೇ ಅದು. ತೋಡಿ ರಾಗದ ಗಾಂಧಾರ ಸ್ವರವನ್ನು ಎಡಗೈ ಬಿಗಿದುಕೊಂಡು ಆಡಿಸಲು ಸುಮ್ನೆ ಪ್ರಯತ್ನಿಸಿ ನೋಡಿ, ಗೊತ್ತಾಗುತ್ತದೆ. ತಂತಿಗಳ ಶ್ರುತಿಯನ್ನೂ ಸ-ಪ-ಸ-ಪ ಅಂತ ಬದಲಾಯಿಸಿಕೊಂಡರು. ಅಲ್ಲಿನ ಪದ್ಧತಿಯಲ್ಲಿ ಎಲ್ಲ ತಂತಿಗಳ ನಡುವೆಯೂ ಷಡ್ಜ-ಪಂಚಮದಷ್ಟೇ ಅಂತರ. ಇಲ್ಲಿ ನಡುವಿನ ಎರಡು ತಂತಿಗಳ ನಡುವಿನ ಅಂತರ ಕಡಿಮೆ. ವಾದ್ಯದ ಮರಕ್ಕೆ ಉಳಿ ತಾಗಿಸದೆ, ಕೂರುವ ಕ್ರಮ ಮತ್ತು ಬಿರಡೆಯ ತಿರುವಿನಿಂದಲೇ ಅದನ್ನು ಪೂರ್ತಿ ಬೇರೆ ಸಂಗೀತಕ್ಕೆ ಒಗ್ಗಿಸಿದರು. ಒಂದೇ ತೊಡಕು, ಹೆಚ್ಚುಕಡಿಮೆ ಒಂದೇ ಕಾಲ, ಎರಡು ಉತ್ತರ.

ಈ ಸಾಲಿನಲ್ಲೇ ಬರುವವರು ಮೈಸೂರಿನ ಟಿ. ಚೌಡಯ್ಯ (1895–1967). ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕ್ ಇಲ್ಲದ ಕಚೇರಿಗಳಲ್ಲಿ ಹಿಂದೆ ಕೂತವರಿಗೆ ಪಿಟೀಲು ಕೇಳುತ್ತಿರಲಿಲ್ಲ. ಚೌಡಯ್ಯನವರು ನಾಲ್ಕು ತಂತಿಗೆ ಇನ್ನೂ ಮೂರು ಸೇರಿಸಿ ಏಳು ಮಾಡಿದರು. ಜೋಡಿ ತಂತಿಗಳು ಒಟ್ಟಿಗೆ ನುಡಿದಾಗ ನಾದ ತುಂಬಿ ಬರುತ್ತಿತ್ತು. ಆದರೆ ಒಂದು ಬೆರಳು ಎರಡು ತಂತಿಯನ್ನು ಒಂದೇ ಹದದಲ್ಲಿ ಒತ್ತಬೇಕು, ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಕಿವಿ ಚುಚ್ಚುತ್ತದೆ. ಆ ಕಷ್ಟವನ್ನು ಅವರು ತಾವಾಗಿ ಮೈಮೇಲೆ ಎಳೆದುಕೊಂಡರು. ಮೈಕ್ ಬಂದ ಮೇಲೆ ಏಳು ತಂತಿಯ ಅಗತ್ಯ ಕಡಿಮೆಯಾಯಿತು. ಆದರೆ ಅವರ ಧ್ವನಿಮುದ್ರಣದಲ್ಲಿ ಕೇಳುವ ಆ ಗಂಡುದನಿಯ ನಾದಕ್ಕೆ ಇವತ್ತಿಗೂ ಸಾಟಿಯಿಲ್ಲ ಅಂತ ನನಗನ್ನಿಸುತ್ತದೆ. ಅವರ ನಂತರದ ತಲೆಮಾರಿನ ಲಾಲ್ಗುಡಿ ಜಯರಾಮನ್ (1930–2013) ಹಿಡಿದದ್ದು ಬೇರೆ ದಾರಿ. ಕೃತಿಯ ಸಾಹಿತ್ಯ ಎಲ್ಲಿ ಒಡೆಯುತ್ತದೋ ಅಲ್ಲೇ ಕಮಾನು ತಿರುಗಬೇಕು. ಹಾಡು ಗೊತ್ತಿದ್ದವರಿಗೆ ಪಿಟೀಲಿನಲ್ಲೇ ಪದಗಳು ಕೇಳುತ್ತವೆ.

ಧ್ವನಿಮುದ್ರಣದ ಮಾತು ಬಂದದ್ದರಿಂದ ನಾನು ಶಿಷ್ಯರಿಗೆ ತಪ್ಪದೆ ಕೇಳಿಸುವ ಒಂದು ಜೋಡಿ ಹೇಳುತ್ತೇನೆ. ಯೋಸೆಫ್ ಯೋಆಕಿಮ್ 12ರ ವಯಸ್ಸಿನಲ್ಲಿ, 1844ರಲ್ಲಿ, ಲಂಡನ್‌ನಲ್ಲಿ ಮೆಂಡೆಲ್‌ಸೊನ್ ನಿರ್ದೇಶನದಲ್ಲಿ ಬೀಥೊವೆನ್‌ನ ಪಿಟೀಲು ಕನ್ಸರ್ಟೊ (ವಾದ್ಯವೃಂದದ ಜೊತೆ ಒಂಟಿ ಪಿಟೀಲು ನುಡಿಸುವ ಕೃತಿ) ನುಡಿಸಿದರು. 1806ರಲ್ಲಿ ಮೊದಲು ಕೇಳಿಸಿಕೊಂಡ ಆ ಕೃತಿಯನ್ನು ಅಲ್ಲಿಯವರೆಗೆ ಹೆಚ್ಚು ಜನ ಮುಟ್ಟಿರಲಿಲ್ಲ. ಇದೇ ಯೋಆಕಿಮ್ 70 ದಾಟಿದ ಮೇಲೆ, 1903ರಲ್ಲಿ, ಕೆಲವು ಗ್ರಾಮಫೋನ್ ತಟ್ಟೆಗಳಿಗೆ ನುಡಿಸಿದರು. ಅದರಲ್ಲಿ ಬಾಖ್‌ನ ರಚನೆ ಇದೆ. ಗಮನಿಸಿ ಕೇಳಿದರೆ ಸ್ವರಗಳು ಬಹುಪಾಲು ನೆಟ್ಟಗೆ ನಿಲ್ಲುತ್ತವೆ. ಬೆರಳ ಅಲುಗಾಟ, ಅಂದರೆ ವೈಬ್ರೇಟೊ, ಅಲ್ಲಲ್ಲಿ ಮಾತ್ರ. ಅದರ ಹಿಂದೆಯೇ ಫ್ರಿಟ್ಸ್ ಕ್ರೈಸ್ಲರ್ (1875–1962) ಹಾಕುತ್ತೇನೆ. ಪ್ರತಿ ಸ್ವರವೂ ಬೆಚ್ಚಗೆ ಅಲುಗುತ್ತಿರುತ್ತದೆ, ಓಡುವ ಸ್ವರ ಕೂಡ. ಇವತ್ತು ಪಿಟೀಲಿನ ದನಿ ಅಂತ ಎಲ್ಲರ ಕಿವಿಯಲ್ಲಿ ಕೂತಿರುವುದು ಈ ಎರಡನೆಯದು. ನೂರು ಚಿಲ್ಲರೆ ವರ್ಷದ ಹಿಂದೆ ಅದು ಹೊಸದು ಅಂದರೆ ಮಕ್ಕಳು ನಂಬುವುದೇ ಇಲ್ಲ.

ಹೈಫೆಟ್ಸ್, ಓಯಿಸ್ಟ್ರಾಖ್, ಮೆನುಹಿನ್‌ರಂಥ ಹೆಸರಾಂತ ಪಿಟೀಲುವಾದಕರ ಬಗ್ಗೆ ಬರೆದವರು ಬಹಳ ಜನ, ನಾನು ಅಲ್ಲಿಗೆ ಹೋಗುವುದಿಲ್ಲ. ಆದರೆ ಹೈಫೆಟ್ಸ್‌ನ ಗುರು ಲಿಯೊಪೋಲ್ಡ್ ಆವರ್ ಬಗ್ಗೆ ಒಂದು ಮಾತು. ರಷ್ಯಾದ ರಚನಕಾರ ಚೈಕೋವ್‌ಸ್ಕಿ ತನ್ನ ಪಿಟೀಲು ಕನ್ಸರ್ಟೊ ನುಡಿಸಿ ಅಂತ ಕೇಳಿದಾಗ ಆವರ್ ಒಪ್ಪಲಿಲ್ಲ. 1881ರಲ್ಲಿ ವಿಯೆನ್ನಾದಲ್ಲಿ ಅದನ್ನು ಮೊದಲು ನುಡಿಸಿದ್ದು ಅಡಾಲ್ಫ್ ಬ್ರಾಡ್‌ಸ್ಕಿ. ಮುಂದೆ ಆವರ್ ಮನಸ್ಸು ಬದಲಾಯಿಸಿ ತಾವೂ ನುಡಿಸಿದರು, ಶಿಷ್ಯರಿಗೂ ಕಲಿಸಿದರು. ಅದು ಊರೂರು ಸುತ್ತಿದ್ದರಲ್ಲಿ ಆ ಶಿಷ್ಯರ ಪಾಲು ದೊಡ್ಡದು. ತಾನು ಬೇಡವೆಂದದ್ದನ್ನು ತಾನೇ ಪಾಠ ಹೇಳುವುದು ಗುರುವಾದವನಿಗೆ ಸುಲಭದ ಕೆಲಸವಲ್ಲ. ಅದಕ್ಕೇ ಅವರ ಮೇಲೆ ನನಗೆ ಗೌರವ.

ಅಂದಹಾಗೆ, ಆ ಪತ್ರ ಪಡೆದ ಮದ್ದಲೇನಾ ಮುಂದೆ ಪ್ಯಾರಿಸ್, ಲಂಡನ್‌ಗಳಲ್ಲಿ ನುಡಿಸಿದಳು. ಪಿಟೀಲಿಗೆ ಆರು ಕನ್ಸರ್ಟೊ ರಚಿಸಿ ಅಚ್ಚು ಹಾಕಿಸಿದಳು. ನನ್ನ ಶಿಷ್ಯೆಗೆ ಈ ವಿಷಯ ಹೇಳಿ, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ ಖಾಲಿ ತಂತಿ ಎಳೆಯಲು ಹೇಳಿದೆ. ಮೂರು ವಾರವಾಯಿತು. ಕೆಳಗೆ ಎಳೆಯುವಾಗ ಈಗ ಕರಕರ ಇಲ್ಲ. ತುದಿಯಿಂದ ಮೇಲಕ್ಕೆ ತಳ್ಳುವಾಗ ಇನ್ನೂ ಇದೆ.